ಬಾಟಲಿ ಹೆಕ್ಕಲು ಹೋಗಿ

28 ಡಿಸೆಂಬರ್ 2025, ಭಾನುವಾರ
ಹೊನ್ನಾವರ

ಇವತ್ತು ಹೊಳೆಯಲ್ಲಿ ಒಳ್ಳೆ ಕೆಲಸ ಮಾಡಲು ಹೋಗಿ ಬೈಸಿಕೊಂಡು ಬಂದೆ. ಮೊದಲು ಅದನ್ನೇ ಬರೆದುಬಿಡುತ್ತೇನೆ.

ಈ ಸಲ ಬೆಂಗಳೂರಿನಿಂದ ಬರುವಾಗ ಬಸ್ಸಿನ ಡಿಕ್ಕಿಯಲ್ಲಿ ಗಾಳಿ ತುಂಬುವ ಕಯಾಕ್ ಹಾಕಿಕೊಂಡು ಬಂದಿದ್ದೆ. ಮಡಚಿದರೆ ದೊಡ್ಡ ಸೂಟ್‌ಕೇಸಿನಷ್ಟು. ಹತ್ತು ನಿಮಿಷ ಪಂಪು ಹೊಡೆದರೆ ದೋಣಿ. ಅಂಗಳದಲ್ಲಿ ನಾನು ಬೆವರು ಸುರಿಸಿ ಪಂಪು ಒತ್ತುವುದನ್ನು ನೋಡುತ್ತಾ ಆಯಿ, "ಹೊಳೆ ಬದಿಗೆ ಹುಟ್ಟಿದವಳು, ದೋಣಿ ಬೆಂಗಳೂರಿಂದ ತರಬೇಕಾಯ್ತಾ?" ಅಂದಳು. ಹೌದಲ್ವಾ ಅನ್ನಿಸಿತು. ನಮ್ಮ ಅಜ್ಜ ಇದೇ ಶರಾವತಿಯಲ್ಲಿ ತಾರಿ ನಡೆಸುತ್ತಿದ್ದವರು. ಸೇತುವೆ ಇಲ್ಲದ ಕಾಲಕ್ಕೆ ಜನ, ಅಕ್ಕಿಮೂಟೆ, ಮದುವೆ ದಿಬ್ಬಣ ಎಲ್ಲ ಅವರ ದೋಣಿಯಲ್ಲೇ ದಾಟಿದ್ದು. ಮೊಮ್ಮಗಳು ಹುಟ್ಟು ಹಾಕಲು ಕಲಿತದ್ದು ಮಾತ್ರ ಬೆಂಗಳೂರಿನ ಹತ್ತಿರದ ಒಂದು ಕೆರೆಯಲ್ಲಿ, ದುಡ್ಡು ಕೊಟ್ಟು, ಎರಡು ವೀಕೆಂಡ್ ಕ್ಲಾಸಿನಲ್ಲಿ.

ಏಳು ಗಂಟೆಗೆ ನೀರಿಗಿಳಿದೆ. ಹೊಳೆ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಇವತ್ತು ಅಷ್ಟಮಿ. ಅಮಾವಾಸ್ಯೆ, ಹುಣ್ಣಿಮೆಗೆ ಇರುವಂಥ ಸೆಳೆತ ಅಷ್ಟಮಿ ಹೊತ್ತಿಗೆ ಇರುವುದಿಲ್ಲ. ಇಳಿತ ಶುರುವಾಗಿತ್ತು, ನೀರು ಸುಮ್ನೆ ಸಮುದ್ರ ಸೇರುವ ಅಳಿವೆ ಕಡೆ ಜಾರುತ್ತಿತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಒಂದೊಂದಾಗಿ ಹೊರಗೆ ಕಾಣಲು ಶುರುವಾಗಿತ್ತು. ಒಂದು ಮಿಂಚುಳ್ಳಿ, ನಾಲ್ಕೈದು ನೀರುಕಾಗೆ, ನಾನು. ಬೇರೆ ಯಾರೂ ಇಲ್ಲ ಅಂದುಕೊಂಡೆ.

ಆಗ ಕಂಡದ್ದು ಬಾಟಲಿ. ನೀರಿನ ಬಿಳಿ ಪ್ಲಾಸ್ಟಿಕ್ ಬಾಟಲಿ, ಮುಚ್ಚಳ ಹಾಕಿದ್ದು. ಸ್ವಲ್ಪ ದೂರದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಪ್ರವಾಸಿಗರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಕಸ ಹೆಕ್ಕೋಣ ಅಂತ ಕಯಾಕನ್ನು ಹತ್ತಿರ ತಂದು, ಬಗ್ಗಿ, ಮೊದಲನೆಯದನ್ನು ಎತ್ತಿದೆ. ಕೆಳಗೆ ಹಗ್ಗ ಇತ್ತು. ಎಳೆದೆ. ಆಚೆಯ ಬಾಟಲಿ ತಲೆ ಅಲ್ಲಾಡಿಸಿತು. ಅಷ್ಟಕ್ಕಾದರೂ ಬುದ್ಧಿ ಬರಬೇಕಿತ್ತು. ಇನ್ನೂ ಜೋರಾಗಿ ಎಳೆದೆ.

"ಹೋಯ್! ಬಿಡೇ ಅದ್ನ! ಬಲೆ ಅದು!"

ಮಂಜಿನೊಳಗಿಂದ ಒಂದು ಪಾತಿ ದೋಣಿ ಬಂತು. ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಅಷ್ಟೇ ಅದರ ಅಂಚು. ಒಳಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜ, ಬಾಯಲ್ಲಿ ಹೊತ್ತಿಸದ ಬೀಡಿ. ಅವರು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ನಾನು "ಕಸ ಅಂದ್ಕೊಂಡೆ ಅಜ್ಜಾ" ಅಂದಾಗ ಇನ್ನೂ ಸಿಟ್ಟು ಬಂತು. ಆಮೇಲೆ "ಯಾರ ಮಗಳು ನೀನು?" ಅಂತ ಕೇಳಿದರು. ಹೇಳಿದೆ. ಬೀಡಿ ಹೊತ್ತಿಸಿದರು. "ತಾರಿಯವನ ಮೊಮ್ಮಗಳಾ! ನಿನ್ನಜ್ಜ ಬಲೆ ದಾಟೂಕೆ ಹುಟ್ಟು ಮೇಲೆತ್ತಿ ಹಿಡೀತಿದ್ದ, ಗೊತ್ತದ್ಯಾ?"

ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ಅವರೇ ಹೇಳಿಕೊಟ್ಟರು. ಒಂದೇ ಅಂತರದಲ್ಲಿ ಸಾಲಾಗಿ ಬಾಟಲಿ ಇದ್ದರೆ ಬಲೆ. ದಡದ ಹತ್ತಿರ ಒಂದೇ ಒಂದು ನಿಂತಿದ್ದರೆ ಕೆಳಗೆ ಏಡಿ ಹಿಡಿಯುವ ಬುಟ್ಟಿಯೋ ಲಂಗರೋ ಇರುತ್ತದೆ. "ಹೊಳೆ ಜೊತಿಗೆ ಹೋಗ್ತಾ ಇದ್ರೆ ಕಸ. ನಿಂತಿದ್ರೆ ಯಾರದ್ದೋ." ಎರಡು ವೀಕೆಂಡ್ ಕ್ಲಾಸಿನಲ್ಲಿ ಇದನ್ನು ಹೇಳಿರಲಿಲ್ಲ.

---

ಹತ್ತು ಗಂಟೆ ಹೊತ್ತಿಗೆ ಹೊಳೆ ಪೂರ್ತಿ ಬೇರೆಯಾಗಿತ್ತು. ವರ್ಷದ ಕೊನೆಯ ಭಾನುವಾರ ಬೇರೆ. ಕಾಸರಕೋಡಿನ ಬೀಚಿಗೆ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದ ಮೇಲೆ ಈ ಕಡೆ ಬರುವ ಜನ ಜಾಸ್ತಿ ಆಗಿದ್ದಾರೆ. ಬೀಚ್ ನೋಡಿದವರು ಕಾಂಡ್ಲಾ ನಡುವಿನ ಹಲಗೆ ದಾರಿಯಲ್ಲಿ ನಡೆಯುತ್ತಾರೆ, ಆಮೇಲೆ ಬೋಟು ಹತ್ತುತ್ತಾರೆ. ಇವತ್ತು ಹೂವಿನ ಕಮಾನು ಕಟ್ಟಿದ ದೋಣಿಯಲ್ಲಿ ಒಂದು ಪ್ರಿ ವೆಡ್ಡಿಂಗ್ ಜೋಡಿ, ತಲೆ ಮೇಲೆ ಗುಂಯ್ ಅನ್ನುವ ಡ್ರೋನ್. ಫೈಬರ್ ಬೋಟುಗಳು, ಅವುಗಳ ಸ್ಪೀಕರು. ಮೂರು ಬಾಡಿಗೆ ಕಯಾಕ್, ಒಂದೊಂದರಲ್ಲೂ ಇಬ್ಬಿಬ್ಬರು, ಇಬ್ಬರೂ ಸೆಲ್ಫಿಯಲ್ಲಿ. ಮೀನು ಹಿಡಿದು ವಾಪಸಾಗುವ ದೊಡ್ಡ ಬೋಟು.

ರೈಲಿನಲ್ಲಿ ಕೂತು ನೋಡಿದರೆ ಇಷ್ಟಕ್ಕೆಲ್ಲ ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ನಮ್ಮ ಹೊಳೆ ಮೇಲೇ ಇರುವುದು, 2,065 ಮೀಟರ್. ಆದರೆ ಕಯಾಕಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ, ಇಳಿತ ಆದಾಗ ಆ ಅಗಲದಲ್ಲಿ ಎಷ್ಟೋ ಕಡೆ ಬರೀ ಮೊಣಕಾಲಿನಷ್ಟು ನೀರು. ಆಳ ಇರುವ ದಾರಿ ಕಿರಿದು. ಹೂವಿನ ದೋಣಿ, ಸ್ಪೀಕರ್ ಬೋಟು, ಮೀನಿನ ಬೋಟು, ಸೆಲ್ಫಿ ಎಲ್ಲ ಬಂದು ತುರುಕಿಕೊಳ್ಳುವುದು ಆ ಒಂದೇ ಓಣಿಗೆ. ಓಣಿಯ ಎರಡೂ ಬದಿಗೆ ಬಲೆ. ಬಲೆಯಾಚೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರು.

ನಾನು ಆ ಹೆಂಗಸರ ಹತ್ತಿರ ಇದ್ದಾಗ ಒಂದು ಫೈಬರ್ ಬೋಟು ಬಂತು. ಓಡಿಸುತ್ತಿದ್ದವನು ನಮ್ಮ ಚಿಕ್ಕಪ್ಪನ ಮಗ. ನನ್ನನ್ನು ಗುರುತು ಹಿಡಿದು ಕೈ ಎತ್ತಿದ. ಮರ್ಯಾದೆಗೆ ಸ್ಪೀಡ್ ಅರ್ಧಕ್ಕೆ ಇಳಿಸಿದ. ಬೋಟಿನ ಮೂತಿ ಆಕಾಶಕ್ಕೆ ಎದ್ದಿತು, ಹಿಂಬದಿ ನೀರಿಗೆ ಕುಸಿಯಿತು, ಹಾಗೇ ಹೊಳೆಯನ್ನು ಉಳುತ್ತಾ ದಾಟಿ ಹೋದ. ಅವನು ತಿರುವಿನಾಚೆ ಮರೆಯಾದ ಮೇಲೆ ತೆರೆ ನಮ್ಮನ್ನು ಮುಟ್ಟಿತು. ನಾನು ಹೇಗೋ ಮೂತಿಯನ್ನು ತೆರೆಗೆ ಎದುರಾಗಿ ತಿರುಗಿಸಿಕೊಂಡೆ. ಅಡ್ಡ ಸಿಕ್ಕಿದ್ದರೆ ಮಗುಚುತ್ತಿದ್ದೆ. ಹೆಂಗಸರ ಪಕ್ಕ ಕಟ್ಟಿದ್ದ ದೋಣಿಗೆ ತಿರುಗಲು ಬರುವುದಿಲ್ಲವಲ್ಲ. ಮೊದಲ ತೆರೆಗೆ ಅರ್ಧ ತುಂಬಿತು. ಎರಡನೆಯದಕ್ಕೆ ಬುಟ್ಟಿ ಮಗುಚಿ, ಬೆಳಗಿನಿಂದ ಹೆಕ್ಕಿದ ಬಳಚೆಲ್ಲ ವಾಪಸ್ ಹೊಳೆ ತಳಕ್ಕೆ.

ಒಬ್ಬಾಕೆ ನನ್ನತ್ತ ನೋಡಿ ನಕ್ಕಳು. ನಗದೆ ಏನು ಮಾಡುವುದು ಅನ್ನುವ ಹಾಗಿತ್ತು ಆ ನಗು. ಕಯಾಕಿನಿಂದ ಇಳಿದು ಹೆಕ್ಕಲು ಕೈ ಹಾಕಿದೆ. ಕಾಲಿನಲ್ಲೇ ತಡಕಿ ಹುಡುಕಬೇಕು. ಅವಳಿಗೆ ಹತ್ತು ಸಿಕ್ಕುವಷ್ಟರಲ್ಲಿ ನನಗೆ ಒಂದು, ಅದೂ ಖಾಲಿ ಚಿಪ್ಪು.

---

ಮಧ್ಯಾಹ್ನ ಚಿಕ್ಕಪ್ಪನ ಮಗನನ್ನು ಹಿಡಿದುಕೊಂಡೆ. ಬೋಟು ನಿಲ್ಲುವ ದಕ್ಕೆ ಹತ್ತಿರದ ಹೋಟೆಲಿನಲ್ಲಿ ಬನ್ಸ್, ಚಾ. ಜಗಳ ಮಾಡುವುದೆಂದೇ ಹೋಗಿದ್ದೆ. ಬಳಚಿನ ಕಥೆ ಕೇಳಿ ಅವನ ಮುಖ ಸಣ್ಣದಾಯಿತು. "ನಾ ಸ್ಲೋ ಮಾಡಿದ್ನಲ್ಲ ಅಕ್ಕಾ!"

ಮಾಡಿದ್ದ. ತೊಂದರೆ ಅಲ್ಲೇ ಇತ್ತು. ಅವನಿಗೆ ನಂಬಿಕೆ ಬರಲಿಲ್ಲ, ಹಾಗಾಗಿ ಗಿರಾಕಿ ಇಲ್ಲದ ಎರಡರಿಂದ ಮೂರು ಗಂಟೆ ನಡುವೆ ಪರೀಕ್ಷೆ ಮಾಡಿದೆವು. ಪೆಟ್ರೋಲ್ ದುಡ್ಡು ನಾನು ಕೊಡುವುದೆಂದು ಮೊದಲೇ ಮಾತಾಯಿತು. ನಾನು ಘಾಟಿನ ಮೆಟ್ಟಿಲ ಮೇಲೆ ಕೂತೆ. ಅವನು ಒಂದೇ ದೂರದಲ್ಲಿ ಮೂರು ಸಲ ಹೋದ. ಮೊದಲು ಫುಲ್ ಸ್ಪೀಡ್: ಬೋಟು ನೀರಿನ ಮೇಲೆ ಎದ್ದು ಜಾರಿಕೊಂಡು ಹೋಯಿತು, ತೆರೆ ಎರಡನೇ ಮೆಟ್ಟಿಲಿಗೆ ಬಂತು. ಆಮೇಲೆ ಅರ್ಧ ಸ್ಪೀಡ್: ನಾಲ್ಕನೇ ಮೆಟ್ಟಿಲು, ನನ್ನ ಚಪ್ಪಲಿ ಒದ್ದೆ. ಕೊನೆಗೆ ಎಂಜಿನ್ ಬರೀ ಗುರುಗುಟ್ಟುವಷ್ಟು, ನಡೆಯುವ ಸ್ಪೀಡು: ಮೊದಲ ಮೆಟ್ಟಿಲೂ ಸರಿಯಾಗಿ ನೆನೆಯಲಿಲ್ಲ. ಫುಲ್ಲೂ ಅಲ್ಲದ, ನಿಧಾನವೂ ಅಲ್ಲದ ಆ ನಡುವಿನ ಸ್ಪೀಡಿನಲ್ಲಿ ಬೋಟಿನ ಹಿಂಬದಿ ಕುಸಿದು ಅತಿ ಜಾಸ್ತಿ ನೀರನ್ನು ತಳ್ಳುತ್ತದೆ. ಹಾಗಂತ ಫುಲ್ ಸ್ಪೀಡಲ್ಲಿ ಹೋಗಿ ಅಂತಲ್ಲ, ನೀರಲ್ಲಿ ಮನುಷ್ಯರಿದ್ದಾರೆ. ಇಳಿಸುವುದಾದರೆ ಪೂರ್ತಿ ಇಳಿಸಬೇಕು, ಅದೂ ದೂರದಲ್ಲೇ. ಎದುರಿಗೆ ಬಂದು ತಟ್ಟನೆ ಇಳಿಸಿದರೆ ತನ್ನದೇ ತೆರೆ ಹಿಂದಿನಿಂದ ಬಂದು ಹೊಡೆಯುತ್ತದೆ.

ಅವನನ್ನೂ ಮೆಟ್ಟಿಲ ಮೇಲೆ ಕೂರಿಸಬೇಕಿತ್ತು. ಅದಕ್ಕೆ ಬೇರೆಯವರ ಬೋಟು ದಾಟುವ ತನಕ ಕಾದೆವು. ಬಂತು, ಅರ್ಧ ಸ್ಪೀಡಲ್ಲೇ. ತೆರೆ ಬರುವುದನ್ನು, ಬಂದು ಹೊಡೆಯುವುದನ್ನು ಅವನು ಸುಮ್ಮನೆ ನೋಡಿದ. ನಾಲ್ಕು ವರ್ಷದಿಂದ ಬೋಟು ಓಡಿಸುತ್ತಿದ್ದಾನೆ. ತೆರೆ ದಡ ಮುಟ್ಟುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲವಂತೆ. ಹೇಗೆ ನೋಡಿಯಾನು, ಅಷ್ಟು ಹೊತ್ತಿಗೆ ಬೋಟು ಮುಂದೆ ಹೋಗಿರುತ್ತದೆ.

ಆಮೇಲೆ ಅವನ ಸರದಿ. ಅವನ ಹತ್ತಿರವೂ ಸರಕು ಇತ್ತು. ಸ್ಪೀಡ್ ಬೇಕು, ಹಾಡು ಬೇಕು ಅನ್ನುವುದು ಬೋಟು ಹತ್ತಿದವರೇ. ನಿಧಾನ ಹೋದರೆ "ದುಡ್ಡು ಕೊಟ್ಟಿದ್ದೀವಲ್ಲ" ಅನ್ನುತ್ತಾರೆ. ವಾರದಲ್ಲಿ ಎರಡು ದಿನದ ದುಡಿಮೆಯಲ್ಲಿ ಬೋಟಿನ ಸಾಲದ ಕಂತು ಕಟ್ಟಬೇಕು. ಮಳೆಗಾಲ ಅಂತೂ ಸೊನ್ನೆ. "ಮತ್ತೆ ನಿಮ್ಮ ಕಯಾಕಿನವ್ರು? ಓಣಿ ಮಧ್ಯ ನಿಂತು ಫೋಟೋ ತೆಗೀತಾರೆ. ಹಾರ್ನ್ ಹೊಡೆದ್ರೆ ಒಬ್ಬ ಎಡಕ್ಕೆ ಹೋಗ್ತಾನೆ, ಒಬ್ಬ ಬಲಕ್ಕೆ."

ಅದು ನಿಜ. ರಸ್ತೆಯಲ್ಲಿ ಎಡಕ್ಕೆ ಹೋಗಿ ರೂಢಿಯಾದವರು ನೀರಿನಲ್ಲೂ ಎಡಕ್ಕೇ ಎಳೆಯುತ್ತಾರೆ. ನೀರಿನ ಲೆಕ್ಕ ಉಲ್ಟಾ. ಎದುರಾಎದುರು ಬಂದ ಬೋಟುಗಳು ಬಲಕ್ಕೆ ಸರಿಯಬೇಕು. 1972ರ ಸಮುದ್ರ ಸಂಚಾರದ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ಅದೇ ನಿಯಮದಲ್ಲಿ, ಆಳದ ದಾರಿ ಬಿಟ್ಟು ಬೇರೆಲ್ಲೂ ಹೋಗಲಾಗದ ದೊಡ್ಡ ಬೋಟಿಗೆ ಸಣ್ಣವರು ಅಡ್ಡ ಬರಬಾರದು ಅಂತಲೂ ಇದೆ. ನನ್ನ ಕಯಾಕಿಗೆ ಒಂದು ಗೇಣು ನೀರು ಸಾಕು. ಆದರೂ ಬೆಳಗ್ಗೆ ಓಣಿ ಮಧ್ಯದಲ್ಲೇ ಇದ್ದೆ. ಯಾಕೆಂದರೆ ಅಲ್ಲಿಂದ ಸೇತುವೆ ಚೆನ್ನಾಗಿ ಕಾಣುತ್ತದೆ. ಅಳಿವೆಯಲ್ಲಿ ಹೂಳು ತುಂಬಿ ಮೀನಿನ ಬೋಟುಗಳು ಮೊದಲೇ ಒದ್ದಾಡುತ್ತಿವೆ. ಅದನ್ನು ದಾಟಿ ಬಂದವರಿಗೆ ನಾನೊಬ್ಬಳು ಅಡ್ಡ.

ಸದ್ದು ಮಾಡುವುದಿಲ್ಲ ಅನ್ನುವುದು ನಮ್ಮ ಕಯಾಕಿನವರ ದೊಡ್ಡ ಹೆಮ್ಮೆ. ಸದ್ದಿಲ್ಲದೆ ಹೋಗಿ ಕಾಂಡ್ಲಾ ಸಂದಿಯಲ್ಲಿ ಕೂತ ಹಕ್ಕಿಗಳನ್ನೆಲ್ಲ ಎಬ್ಬಿಸಿ ಬರುತ್ತೇವೆ. ಬೋಟು ಆ ಸಂದಿಗೆ ಹೋಗುವುದೇ ಇಲ್ಲ.

ಬಲೆ ವಿಷಯವೂ ಬಂತು. ಹೋದ ತಿಂಗಳು ಅವನ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡು ಅರ್ಧ ದಿನ ಹೋಯಿತಂತೆ. ಬಲೆಯವರಿಗೆ ಬಲೆಯೇ ಹೋಯಿತು. "ಬಿಳಿ ಬಾಟ್ಲಿ ಅಕ್ಕಾ. ಬಿಸಿಲಿಗೆ ನೀರು ಫಳಫಳ ಅಂತದೆ, ಎಂತ ಕಾಣ್ತದೆ?"

---

ಸಂಜೆ ಬಳಚಿನ ಹೆಂಗಸರಲ್ಲಿ ಒಬ್ಬಾಕೆ ನಮ್ಮ ಮನೆ ದಾರಿಯಲ್ಲೇ ಸಿಕ್ಕಿದಳು. ತಮ್ಮನ ಪರವಾಗಿ ಸಾರಿ ಅಂದೆ. "ಹೋಗ್ಲಿ ಬಿಡು. ಬೋಟು ಇಲ್ದೆ ಇದ್ರೂ ಈ ಹೊಳೇಲಿ ಈಗೆಲ್ಲಿ ಬಳಚು? ಬೇಕಾದ್ರೆ ಅಘನಾಶಿನಿಗೆ ಹೋಗು" ಅಂದಳು.

ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಒಳಗೆ ಬರುತ್ತದೆ, ಬಳಚು ಚೆನ್ನಾಗಿ ಬೆಳೆಯುತ್ತದೆ. ಅದರ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯದ್ದು. ಕರೆಂಟಿಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಬರುತ್ತದೆ. ಉಪ್ಪು ಸಾಲದೆ ಬಳಚು ಕಮ್ಮಿಯಾಯಿತು. ಬೋಟಿನವನನ್ನು ಮೆಟ್ಟಿಲ ಮೇಲೆ ಕೂರಿಸಿ ಪಾಠ ಹೇಳಿದ ನಾನು ಬೆಂಗಳೂರಿನಲ್ಲಿ ದಿನಾ ಬೆಳಗ್ಗೆ ಗೀಸರ್ ಹಾಕುತ್ತೇನೆ. ಈ ಹೊಳೆಯಲ್ಲಿ ನನ್ನ ಕಯಾಕಿಗಿಂತ ನನ್ನ ಗೀಸರೇ ಜಾಸ್ತಿ ಜಾಗ ಹಿಡಿದಿದೆಯೋ ಏನೋ. ಅವಳಿಗೆ ಇದನ್ನು ಹೇಳಲಿಲ್ಲ. ಬುಟ್ಟಿ ಭಾರ ಇತ್ತು, ಒಂದು ಕಿವಿ ಹಿಡಿದುಕೊಂಡೆ.

ರಾತ್ರಿ ಎಂಟಕ್ಕೆ ತಮ್ಮ ಬಂದ. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ನಾಲ್ಕು ನೊಗ್ಲಿ ಮೀನು. ಬೆಳಗಿನ ಬಲೆಯ ಅಜ್ಜ ಕೊಟ್ಟದ್ದಂತೆ, ತಾರಿಯವನ ಮೊಮ್ಮಗಳಿಗೆ. ಅಜ್ಜನ ಬಲೆ ಯಾವ ಕಡೆ ಇರುತ್ತದೆ ಅಂತ ಅವನು ಕೇಳಿಕೊಂಡು ಬಂದಿದ್ದಾನೆ. ಬಾಟಲಿಗೆ ಕೆಂಪು ಬಟ್ಟೆ ಕಟ್ಟಿದರೆ ದೂರದಿಂದ ಕಾಣುತ್ತದೆ ಅಂತ ಇಬ್ಬರೂ ಮಾತಾಡಿಕೊಂಡರಂತೆ. ಬಟ್ಟೆ ಒದಗಿಸುವ ಕೆಲಸ ನನಗೆ. ಬಲೆ ಎಳೆದವಳು ನಾನೇ ತಾನೇ.

ಆಯಿಯ ಹಳೇ ಕೆಂಪು ಸೀರೆ ಒಂದಿತ್ತು, ಒರೆಸುವ ಬಟ್ಟೆಗೆ ಅಂತ ಇಟ್ಟದ್ದು. ಹರಿದು ಪಟ್ಟಿ ಮಾಡಿದೆ. ಅಂಚು ಜೀರ್ಣವಾಗಿತ್ತು, ಹನ್ನೆರಡೇ ಬಂದವು. ಅಜ್ಜನ ಬಾಟಲಿ ಹದಿನಾಲ್ಕು. ಕಪಾಟಿನ ಬಾಗಿಲು ತೆಗೆದದ್ದು ಕೇಳಿಸಿತೋ ಏನೋ, ಅಡುಗೆಮನೆಯಿಂದ ಆಯಿ ಕೂಗಿದಳು: "ಒಳಗಿನದ್ದು ಮುಟ್ಟಿದ್ರೆ ನೋಡು! ನೊಗ್ಲಿ ತಣ್ಣಗಾಗ್ತದೆ, ಬಾ."