ಕೊನೆ ಕೊಯ್ಲಿನ ಕಾಲದಲ್ಲಿ ಕುಡಿತ ಬಿಡುವವರಿಗೆ

2025 ನವೆಂಬರ್ 16, ಭಾನುವಾರ
ತೀರ್ಥಹಳ್ಳಿ

ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ಶುರುವಾಗಿದೆ. ಹಗಲು ತೋಟದ ಕೆಲಸ, ರಾತ್ರಿ ಅಡಿಕೆ ಸುಲಿಯೋದು, ಕೈಯಲ್ಲಿ ಕೂಲಿ ದುಡ್ಡು. ಮೈಕೈ ನೋವಿಗೆ ಒಂದು ಕ್ವಾರ್ಟರ್ ಅನ್ನೋ ನೆಪಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಬಿಡಬೇಕು ಅಂತಿರುವವರು "ಕೊಯ್ಲು ಮುಗೀಲಿ, ನೋಡೋಣ" ಅನ್ನೋದೂ ಈಗಲೇ. ಕೊಯ್ಲು ಮುಗಿದರೆ ಜಾತ್ರೆ, ಜಾತ್ರೆ ಕಳೆದರೆ ಮದುವೆಗಳು, ಅಷ್ಟರಲ್ಲಿ ಮಳೆ. ಕಾಯುತ್ತಾ ಕೂತರೆ ತಿಂಗಳೇ ಸಿಗಲ್ಲ. ಈ ವಾರವೇ ಹೊರಡುವವರಿಗೆ ಬೇಕಾದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್, ಅಂದರೆ ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಗುಂಪು. ಬೆಳಗ್ಗೆ ಎದ್ದರೆ ಕೈ ನಡುಗುತ್ತೆ, ಒಂದು ಗುಟುಕು ಬಿದ್ದರೆ ನಿಲ್ಲುತ್ತೆ ಅನ್ನುವವರು ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗುತ್ತೆ. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತೆ, ಮನೆಯವರ ಗುರುತೂ ಹತ್ತದೆ ಬಡಬಡಿಸುತ್ತಾರೆ. ಗಾಳಿ ಮೆಟ್ಟಿಕೊಂಡಿದೆ ಅಂತ ತಾಯತ ಕಟ್ಟಿಸಲು ಓಡೋದು ಇಲ್ಲೇ, ಜೀವಕ್ಕೆ ಅಪಾಯ ಇರೋದೂ ಇಲ್ಲೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಡಾಕ್ಟರು ಕೆಲವು ದಿನ ಕೊಟ್ಟು ಇಳಿಸುತ್ತಾ ಬರುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಊರಿನ ಕ್ಲಿನಿಕ್ಕಿಗೆ ಹೋಗಿ ಕುಡಿತದ ವಿಷಯ ಮುಚ್ಚಿಟ್ಟು "ಸುಸ್ತು, ಒಂದು ಬಾಟಲಿ ಗ್ಲೂಕೋಸ್ ಹಾಕಿ" ಅನ್ನುವವರು ಬಹಳ ಜನ. ವರ್ಷಗಟ್ಟಲೆ ಕುಡಿದ, ಸರಿಯಾಗಿ ಉಣ್ಣದ ಮೈಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಮರ್ಯಾದೆ ಬದಿಗಿಟ್ಟು ದಿನಕ್ಕೆಷ್ಟು, ಕೊನೆಯ ಸಲ ಯಾವಾಗ ಅಂತ ಹೇಳಿಬಿಡಬೇಕು.

ಮನೆಯ ಹೆಂಗಸರಿಗೆ ಒಂದು ಮಾತು. ಕುಡಿಯುವವರಿಗೆ ಗೊತ್ತಾಗದ ಹಾಗೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವ ಮಾತ್ರೆ ಬೇಡ. ಅದು ಡೈಸಲ್ಫಿರಾಮ್. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ಹೃದಯದ ತೊಂದರೆ ಇದ್ದವರು ಸತ್ತೂ ಹೋಗಬಹುದು. ಕುಡಿದು ಕನಿಷ್ಠ 12 ಗಂಟೆ ಕಳೆಯದೆ ಕೊಡುವಂತಿಲ್ಲ, ಮಾತ್ರೆ ಬಿಟ್ಟ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ತಿಳಿದು ಒಪ್ಪಿ ನುಂಗುವವರೂ ಆಯುರ್ವೇದದ ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್ಪುಗಳಿಂದ ದೂರ ಇರಬೇಕು, ಅದರಲ್ಲೂ ಆಲ್ಕೋಹಾಲ್ ಇರುತ್ತೆ.

ಇನ್ನು ಗುಂಪು ಹುಡುಕೋದು. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಉಚಿತ. ಧರ್ಮಸ್ಥಳದ ಕಡೆಯ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಂಟು ದಿನದ್ದು, ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಿರೋಕೆ ನವಜೀವನ ಸಮಿತಿ. ಶಿಬಿರಕ್ಕೆ ಸೇರುವ ಮುಂಚೆಯೂ ಡಾಕ್ಟರಿಗೆ ತೋರಿಸಿ. ಎಂಟು ದಿನ ಊಟ, ಭಜನೆ, ಜನ ಎಲ್ಲ ಸುತ್ತ ಇರುತ್ತೆ. ಒಂಬತ್ತನೇ ದಿನ ಸಂಜೆ ಅದೇ ಬಸ್‌ಸ್ಟ್ಯಾಂಡ್, ಅದೇ ಗೆಳೆಯರು. ಸಮಿತಿಯ ಸಭೆ ತಪ್ಪಿಸಿದರೆ ಶಿಬಿರ ಅರ್ಧಕ್ಕೇ ನಿಂತ ಹಾಗೆ ಅಂತ ನನ್ನ ಲೆಕ್ಕ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಸೇರೋಕೆ ಬೇಕಾದ್ದು ಕುಡಿತ ಬಿಡುವ ಆಸೆ ಒಂದೇ. ಫೀಸಿಲ್ಲ, ಕೊನೆಗೆ ಡಬ್ಬಿ ಸುತ್ತಿ ಬರುತ್ತೆ, ಮನಸ್ಸಿದ್ದವರು ಹಾಕುತ್ತಾರೆ, ಹೊರಗಿನವರ ದುಡ್ಡು ತೆಗೆದುಕೊಳ್ಳಲ್ಲ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಮೀಟಿಂಗಿಗೆ ಕುಡಿತದ ತೊಂದರೆ ಇದ್ದವರು ಮಾತ್ರ. ಮನೆಯವರಿಗೇ ಬೇರೆ ಗುಂಪಿದೆ, ಅಲ್-ಅನಾನ್. ಎಲ್ಲರೂ ಎಲ್ಲರನ್ನೂ ಬಲ್ಲ ಊರಲ್ಲಿ "ಯಾರಾದ್ರೂ ನೋಡಿಬಿಟ್ಟರೆ?" ಅನ್ನೋ ಅಳುಕು ದೊಡ್ಡದು. ಹೊಸನಗರದವರು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಿ ಕೂತರಾಯಿತು. ಹೆಸರು ಮಾತ್ರ ಹೇಳಿದರೆ ಸಾಕು, ಮನೆತನ ಯಾರೂ ಕೇಳಲ್ಲ.

ಮೊದಲ ದಿನ ಮಾತಾಡಲೇಬೇಕು ಅಂತಿಲ್ಲ. "ಇವತ್ತು ಕೇಳ್ತೀನಿ" ಅಂದರೆ ಸರದಿ ಮುಂದಿನವರಿಗೆ ಹೋಗುತ್ತೆ. ಒಬ್ಬರು ಹೇಳುವಾಗ ಮಧ್ಯೆ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ಮಲೆನಾಡಿನ ಕಟ್ಟೆ ಪಂಚಾಯ್ತಿ ಅಭ್ಯಾಸಕ್ಕೆ ಇದೇ ಕಷ್ಟ! ಗುಂಪು ನಡೆಸುವವರು ಹೊಸಬರಿಗೆ ಟೀಯನ್ನು ಅರ್ಧ ಲೋಟ ಮಾತ್ರ ಕೊಡಲಿ. ತುಂಬಿದ ಲೋಟ ನಡುಗುವ ಕೈಯಲ್ಲಿ ಅಂಗಿ ಮೇಲೆ ತುಳುಕಿದರೆ, ನಾಚಿಕೆಗೆ ಆ ಮನುಷ್ಯ ಮುಂದಿನ ವಾರ ಬರಲ್ಲ.

ಮೀಟಿಂಗಿನಿಂದ ಏಳುವ ಮುಂಚೆ ಅಲ್ಲಿದ್ದವರ ಎರಡು-ಮೂರು ಫೋನ್ ನಂಬರ್ ಬರೆದುಕೊಳ್ಳಿ. 90 ದಿನಕ್ಕೆ 90 ಮೀಟಿಂಗ್ ಅನ್ನೋ ರೂಢಿಯ ಮಾತು ನಗರದವರಿಗೆ ಸರಿ, ಸಂಜೆಯ ಬಸ್ ನಂಬಿದವರಿಗೆ ಆಗದ ಮಾತು. ನಡುವಿನ ದಿನ ಫೋನ್ ಮಾಡಿ, ಸಿಗ್ನಲ್ ಇದ್ದಲ್ಲಿ ಆನ್‌ಲೈನ್ ಮೀಟಿಂಗ್ ಸೇರಿ. ಕೂಲಿ ಬಟವಾಡೆಯ ಸಂಜೆಗೆ ಮುಂಚೆಯೇ ಫೋನ್ ಮಾಡೋದು ಲೇಸು, ಅಂಗಡಿ ಮುಂದೆ ನಿಂತು ಮಾಡಿದ ಫೋನಿಗೆ ಬಲ ಕಡಿಮೆ. ಹಸಿವಾಗಿದ್ದರೆ ಮೊದಲು ಉಣ್ಣಿ. ಖಾಲಿ ಹೊಟ್ಟೆಯಲ್ಲಿ ಆಸೆ ಜೋರು.

ಮತ್ತೆ ಕುಡಿದುಬಿಟ್ಟರೆ ಮೀಟಿಂಗಿಗೆ ಮುಖ ತೋರಿಸೋಕೆ ಸಂಕೋಚ ಬೇಡ, ಅಲ್ಲಿರುವ ಬಹಳ ಜನ ಹಾಗೇ ಬಂದವರು. ಆದರೆ ದಿನಗಟ್ಟಲೆ ಬಿಡದೆ ಕುಡಿದಿದ್ದರೆ ಮತ್ತೆ ಮೊದಲು ಆಸ್ಪತ್ರೆ. ಬಿಟ್ಟು ಹಿಡಿದು ಮಾಡಿದಷ್ಟೂ ಮುಂದಿನ ಸಲದ ನಡುಕ, ಫಿಟ್ಸ್ ಇನ್ನೂ ಜೋರಾಗಬಹುದು. ಹಿಂದಿನ ಸಲ ಫಿಟ್ಸ್ ಬಂದಿತ್ತಾ ಅಂತ ಡಾಕ್ಟರು ಕೇಳದಿದ್ದರೂ ಹೇಳಿ.