ಮೆಗಾಬ್ಲಾಕು, ಟ್ಯಾಕ್ಸ್ ಆಡಿಟ್ಟು ಮತ್ತೆ ಭರತನಾಟ್ಯ

ಮೈಸೂರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಸಿಎ ಮಾಡ್ಕೊಂಡು ಮುಂಬೈಯಲ್ಲಿ ಒಳ್ಳೆ ಕೆಲಸದಲ್ಲಿದೀಯ, ಈ ವಯಸ್ಸಲ್ಲಿ ಇನ್ನೂ ಭರತನಾಟ್ಯದ ಕ್ಲಾಸ್ ಯಾಕಮ್ಮಾ ಅಂತ. ನಮ್ಮ ಕಡೆ ಲೆಕ್ಕ ಗೊತ್ತೇ ಇದೆಯಲ್ಲ, ಜೂನಿಯರ್, ಸೀನಿಯರ್ ಪರೀಕ್ಷೆ, ಸಾಧ್ಯವಾದ್ರೆ ವಿದ್ವತ್ತು, ಒಂದು ರಂಗಪ್ರವೇಶ, ಆಮೇಲೆ ಮದುವೆ, ಗೆಜ್ಜೆ ಅಟ್ಟಕ್ಕೆ. ನಂಗಂತೂ ಕಲಿಯೋದು ಶುರುವಾಗಿದ್ದೇ ರಂಗಪ್ರವೇಶ ಆದ್ಮೇಲೆ, ಅದೂ ಈ ಊರಲ್ಲಿ.

ಮುಂಬೈ ಅಂದ್ರೆ ಸಿನಿಮಾ ಡ್ಯಾನ್ಸು ಅಂದ್ಕೊಂಡಿರ್ತೀರಿ. ಆದ್ರೆ ಮಾಟುಂಗಾದಲ್ಲಿ ರಾಜರಾಜೇಶ್ವರಿ ಭರತನಾಟ್ಯ ಕಲಾ ಮಂದಿರ 1945ರಿಂದ ಇದೆ, ತಂಜಾವೂರು ಕಡೆಯ ನಟ್ಟುವನಾರ್, ಅಂದ್ರೆ ತಾಳ ಹಿಡಿದು ನಾಟ್ಯ ಕಲಿಸೋ ಗುರುಗಳ ಮನೆತನದವರು ಬಂದು ಕಟ್ಟಿದ್ದು. ನಮ್ಮ ಮೈಸೂರು ಅಸೋಸಿಯೇಷನ್ನೂ ಅಲ್ಲೇ, ಅದಿನ್ನೂ ಹಳೇದು, 1926ರದ್ದು. ಇನ್ನು ಜುಹೂನಲ್ಲಿ ನಳಂದಾ ಅನ್ನೋ ನೃತ್ಯ ಸಂಸ್ಥೆ ಕಟ್ಟಿದ ಮೋಹಿನಿಯಾಟ್ಟಂ ಗುರು ಕನಕ್ ರೆಲೆ ಓದಿದ್ದು ಕಾನೂನು. ನಮ್ಮತ್ತೆ ಗೊಣಗಿದಾಗೆಲ್ಲ ನಾನು ಅವರ ಹೆಸರು ಎತ್ತೋದು!

ನಾನಿರೋದು ಡೊಂಬಿವಲಿ, ಕ್ಲಾಸು ಭಾನುವಾರ ಬೆಳಿಗ್ಗೆ ಮಾಟುಂಗಾದಲ್ಲಿ. ಫಾಸ್ಟ್ ಲೋಕಲ್ ಟ್ರೈನು ಅಲ್ಲಿ ನಿಲ್ಲಲ್ಲ, ದಾದರ್‌ಗೆ ಹೋಗಿ ವಾಪಸ್ ಸ್ಲೋ ಹಿಡೀಬೇಕು, ಅದರ ಮೇಲೆ ಭಾನುವಾರ ಬಂತು ಅಂದ್ರೆ ಮೆಗಾಬ್ಲಾಕ್, ಹಳಿ ರಿಪೇರಿ ಅಂತ ಎಷ್ಟೋ ಟ್ರೈನೇ ಇರಲ್ಲ. ವಾರದ ದಿನ ಆಫೀಸಿಗೆ ಹೋಗ್ತಾ ಲೇಡೀಸ್ ಡಬ್ಬಾದಲ್ಲಿ ಕಾಲಿಡೋಕೇ ಜಾಗ ಇರಲ್ಲ, ಆದ್ರೆ ಬಾಯಲ್ಲಿ ತಕಧಿಮಿ ಅಂತ ಜತಿ ಹೇಳ್ಕೊಂಡು ಬೆರಳಲ್ಲಿ ತಾಳ ಎಣಿಸೋಕೆ ಎಷ್ಟು ಜಾಗ ಬೇಕು ಹೇಳಿ, ಒಂದ್ಸಲ ಒಬ್ಬ ಮರಾಠಿ ಆಂಟಿ ನಾನು ಜಪ ಮಾಡ್ತಿದೀನಿ ಅಂತ ತಿಳ್ಕೊಂಡು ಸರಿದು ಕೂತು ಸೀಟು ಕೊಟ್ರು, ನಾನೂ ಸುಮ್ನೆ ಕೂತೆ.

ಮನೇಲಿ ಪ್ರಾಕ್ಟೀಸೇ ಕಷ್ಟ. ಟೈಲ್ಸು, ಅದರ ಕೆಳಗೆ ಕಾಂಕ್ರೀಟು, ಅದರ ಕೆಳಗೆ ಪಾಪ ಇನ್ನೊಬ್ರ ಬೆಡ್‌ರೂಮು. ಅಂಥ ನೆಲದ ಮೇಲೆ ದಿನಾ ಪಾದ ತಟ್ಟೋ ತಟ್ಟಡವು ಹೊಡೆದ್ರೆ ಪೆಟ್ಟೆಲ್ಲ ಮಂಡಿಗೇ. ಚಿಕ್ಕವರಿದ್ದಾಗ ಅರೆಮಂಡಿ, ಅಂದ್ರೆ ಮಂಡಿ ಮಡಚಿ ಅರ್ಧ ಕೂರೋ ಭಂಗಿ ಅಂದ್ರೆ ಎಷ್ಟು ಕೆಳಗೆ ಕೂತೆ ಅನ್ನೋದೇ ಪೈಪೋಟಿ. ಇಲ್ಲಿ ನಮ್ಮ ಟೀಚರ್ ಕನ್ನಡಿ ಮುಂದೆ ನಿಲ್ಲಿಸಿ ತೋರಿಸಿದ್ರು, ಪಾದದ ಬೆರಳು ಯಾವ ಕಡೆಗಿದೆಯೋ ಮಂಡಿ ಅದೇ ಕಡೆಗೆ ತೆರ್ಕೋಬೇಕು, ತಿರುವು ಸೊಂಟದ ಕೀಲಿಂದ ಬರಬೇಕು, ಬರೀ ಪಾದ ತಿರುಗಿಸಿ ಕೂತ್ರೆ ಮಂಡಿ ತಿರುಚುತ್ತೆ ಅಂತ. ಈಗ ಎರಡಿಂಚು ಮೇಲೇ ನಿಲ್ತೀನಿ, ನೋವಿಲ್ಲ. ರಾತ್ರಿ ಹೊತ್ತು ಬರೀ ಅಭಿನಯ, ಅದಕ್ಕೆ ಕೆಳಗಿನ ಮನೆಯವರ ತಕರಾರಿಲ್ಲ.

ನವರಾತ್ರಿ ಪ್ರೋಗ್ರಾಂ ರಿಹರ್ಸಲ್ಲಿಗೂ ನಮ್ಮ ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಡೆಡ್‌ಲೈನಿಗೂ ಹಳೇ ಜಗಳ. ರಜೆ ಕೇಳಿದ್ರೆ ಬಾಸು "ಸ್ಕೂಲ್ ಡೇನಾ?" ಅಂತಾರೆ, ಕ್ರಿಕೆಟ್ ಮ್ಯಾಚಿಗೆ ಅರ್ಧ ಆಫೀಸು ಎದ್ದು ಹೋದ್ರೆ ಮಾತಿಲ್ಲ, ಇರಲಿ ಬಿಡಿ.

ಈ ವರ್ಷ ಒಂದು ವರ್ಣ ಎತ್ಕೊಂಡಿದೀನಿ, ಕುಣಿತ ಅಭಿನಯ ಎರಡೂ ಇರೋ ದೊಡ್ಡ ನೃತ್ಯ, ಅರ್ಧ ಗಂಟೆ ಮೇಲೆ ಆಗುತ್ತೆ. ಮೂರನೇ ಕಾಲದ, ಅಂದ್ರೆ ತುಂಬಾ ವೇಗದ ಹೆಜ್ಜೆಗಳ ತೀರ್ಮಾನ ಮುಗಿಯೋ ಹೊತ್ತಿಗೆ ಉಸಿರು ಸಿಗಲ್ಲ, ನಿಜ. ಆದ್ರೆ ಕಾಯ್ತಾ ನಿಂತ ನಾಯಕಿಯ ಸಂಚಾರಿ, ಅಂದ್ರೆ ಭಾವ ಬಿಡಿಸಿ ತೋರಿಸೋ ಅಭಿನಯ, ಇಪ್ಪತ್ತನೇ ವಯಸ್ಸಲ್ಲಿ ಟೀಚರ್ ಹೇಳ್ಕೊಟ್ಟ ಹಾಗೆ ಕಣ್ಣು ತಿರುಗಿಸಿ ಮುಗಿಸ್ತಿದ್ದೆ, ಈಗ ಅಲ್ಲೇ ಸ್ವಲ್ಪ ಹೊತ್ತು ನಿಲ್ಲೋಕೆ ಬರುತ್ತೆ.

ಊರಿಂದ ಈ ಕಡೆ ಕೆಲಸಕ್ಕೆ ಬರೋ ಹುಡುಗೀರು ಗೆಜ್ಜೆ ಬಿಟ್ಟು ಬರಬೇಡಿ. ಮೊದಲು ಕ್ಲಾಸು ಹುಡುಕಿ, ಆಮೇಲೆ ಮನೆ. ಬ್ರೋಕರ್ ಎಷ್ಟೇ ಹೇಳಲಿ, ಗ್ರೌಂಡ್ ಫ್ಲೋರೇ ಕೇಳಿ.