ಮೊದಲು ಹೆಸರು ಓದಿ, ಆಮೇಲೆ ಸ್ಪಿರಿಟ್ ಹಾಕಿ

2020ರ ಏಪ್ರಿಲ್‌ನಲ್ಲಿ ನಮ್ಮ ಸಂಶೋಧನಾ ಲ್ಯಾಬ್ ಕೋವಿಡ್ ಪರೀಕ್ಷೆಗೆ ಇಳಿದಾಗ ನಮಗೆಲ್ಲ ಒಂದು ಧೈರ್ಯ ಇತ್ತು. ಮೆಷಿನ್ ಇದೆ, ಪಿಪೆಟ್ (ಹನಿ ಅಳೆದು ಹಾಕುವ ಸಾಧನ) ಹಿಡಿದು ಪಳಗಿದ ಕೈಗಳಿವೆ, ಇನ್ನೇನು ಬೇಕು? ಆರ್‌ಟಿ-ಪಿಸಿಆರ್, ಅಂದರೆ ಜೀನಿನ ಪ್ರತಿಗಳನ್ನು ಹೆಚ್ಚಿಸಿ ಅದನ್ನು ಪತ್ತೆ ಹಚ್ಚುವುದು, ನಾವು ವರ್ಷಗಟ್ಟಲೆ ಮಾಡಿಕೊಂಡು ಬಂದ ಕೆಲಸವೇ ಅಲ್ವಾ?

ಅವಸರವೂ ಇತ್ತು. ಆ ವರ್ಷದ ಆರಂಭದಲ್ಲಿ ಇಡೀ ದೇಶ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಕಡೆ ನೋಡುತ್ತಿತ್ತು. ಮಾರ್ಚ್ 10ರಂದು ಕಲಬುರಗಿಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತು ಅಂತ ಖಚಿತವಾಗಿದ್ದು 12ರಂದು. ದೇಶದ ಮೊದಲ ಕೋವಿಡ್ ಸಾವು ಅದು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಂಶೋಧನಾ ಲ್ಯಾಬ್‌ಗಳಿಗೂ ಬಾಗಿಲು ತೆರೆಯಿತು. ಕರ್ನಾಟಕದ ಲ್ಯಾಬ್‌ಗಳಿಗೆ ದಾರಿ ತೋರಿಸುವ ಹೊಣೆ ನಿಮ್ಹಾನ್ಸ್‌ಗೆ ಬಂತು.

ಮೊದಲ ಐಸ್ ಬಾಕ್ಸ್ ಬಂದ ದಿನವೇ ನಮ್ಮ ಧೈರ್ಯ ಕುಸಿಯಿತು. ಪಿಪಿಇ ಕಿಟ್ ತೊಟ್ಟು, ಸ್ವ್ಯಾಬ್ ಟ್ಯೂಬುಗಳನ್ನು ಸುರಕ್ಷತಾ ಕ್ಯಾಬಿನೆಟ್ (ವೈರಸ್ ಹೊರಬರದಂತೆ ಗಾಳಿ ಸೋಸುವ ಪೆಟ್ಟಿಗೆ) ಒಳಗೆ ಇಟ್ಟು, ಕಲಿತ ಪಾಠದಂತೆ ಎಲ್ಲದರ ಮೇಲೂ 70 ಪರ್ಸೆಂಟ್ ಸ್ಪಿರಿಟ್ ಸಿಂಪಡಿಸಿದೆವು. ಹೊರಗಿನ ವೈರಸ್ ಸಾಯಲಿ ಅಂತ. ನೋಡನೋಡುತ್ತಲೇ ಮಾರ್ಕರ್‌ನಲ್ಲಿ ಬರೆದಿದ್ದ ಹೆಸರುಗಳು ನೀಲಿ ನೀರಾಗಿ ಇಳಿದವು. ಒಂದು ಟ್ಯೂಬಿನಲ್ಲಿ ‘ಮ್ಮ’ ಅನ್ನುವಷ್ಟೇ ಉಳಿದಿತ್ತು. ರತ್ನಮ್ಮನೋ, ಗೌರಮ್ಮನೋ? ಅವತ್ತು ಒಂಬತ್ತು ಜನರಿಂದ ಮತ್ತೆ ಸ್ವ್ಯಾಬ್ ತರಿಸಬೇಕಾಯಿತು. ಮೂಗಿನೊಳಗೆ ಎರಡನೇ ಸಲ ಕಡ್ಡಿ ಹಾಕಿಸಿಕೊಂಡ ಆ ಒಂಬತ್ತು ಜನರ ಎದುರು ನಾನು ಇಂದಿಗೂ ತಪ್ಪಿತಸ್ಥೆ.

ಮರುದಿನದಿಂದ ಕ್ರಮ ಬದಲಾಯಿತು. ಬಾಕ್ಸ್ ತೆರೆದ ಕೂಡಲೇ ಒಬ್ಬರು ಹೆಸರು, ವಯಸ್ಸು, ಎಸ್‌ಆರ್‌ಎಫ್ ಐಡಿ (ಸ್ಯಾಂಪಲ್ ಜೊತೆ ಬರುವ ಫಾರ್ಮಿನ ನಂಬರು) ಜೋರಾಗಿ ಓದಬೇಕು. ಗಾಜಿನ ಆಚೆ ಕೂತ ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕಿ, ಅದನ್ನೇ ತಿರುಗಿ ಹೇಳಬೇಕು. ಬಾರ್‌ಕೋಡ್ ಅಂಟಿಸಿದ ಮೇಲಷ್ಟೇ ಸ್ಪಿರಿಟ್. ಮಾಸ್ಕ್ ಒಳಗಿಂದ ಬರುವ ಮಾತು ಅರ್ಧ ಕೇಳುವುದಿಲ್ಲ, ಅದಕ್ಕೇ ತಿರುಗಿ ಹೇಳುವುದು. ನಮ್ಮಲ್ಲಿ ಪರೀಕ್ಷೆಗಿಂತ ಜಾಸ್ತಿ ಹೊತ್ತು ಹಿಡಿಯುತ್ತಿದ್ದದ್ದು ಈ ಓದು ಮತ್ತು ವಿವರಗಳನ್ನು ಐಸಿಎಂಆರ್ ಪೋರ್ಟಲ್‌ಗೆ ತುಂಬುವ ಕೆಲಸವೇ. ಹೊಸದಾಗಿ ಇಂಥ ಲ್ಯಾಬ್ ಶುರು ಮಾಡುವವರು ಮೆಷಿನ್ ಬಗ್ಗೆ ವಿಚಾರಿಸಿದರೆ, ಡೇಟಾ ಎಂಟ್ರಿಗೆ ಎಷ್ಟು ಜನ ಇಟ್ಟಿದ್ದೀರಿ ಅಂತ ನಾನು ಮೊದಲು ಕೇಳುತ್ತೇನೆ.

ಸಂಶೋಧನೆಯಲ್ಲಿ ಒಂದೇ ಸ್ಯಾಂಪಲ್ಲನ್ನು ಮೂರು ಬಾವಿಗಳಲ್ಲಿ (ಪ್ಲೇಟಿನ ಪುಟ್ಟ ಗುಳಿಗಳಲ್ಲಿ) ಹಾಕುತ್ತೇವೆ, ಒಂದು ಕೆಟ್ಟರೆ ಮುಂದಿನ ವಾರ ಮತ್ತೆ ಮಾಡುತ್ತೇವೆ. ಇಲ್ಲಿ 96 ಬಾವಿಗಳ ಪ್ಲೇಟಿನಲ್ಲಿ ಒಂದರಲ್ಲಿ ಪಾಸಿಟಿವ್ ಕಂಟ್ರೋಲ್, ಅಂದರೆ ವೈರಸ್ಸಿನ ಜೀನ್ ಇದೆ ಅಂತ ಗೊತ್ತಿರುವ ಸ್ಯಾಂಪಲ್; ಒಂದರಲ್ಲಿ ಬರೀ ನೀರು. ಉಳಿದ 94ರಲ್ಲಿ 94 ಜನ.

ಆ ನೀರಿನ ಬಾವಿಯ ಬೆಲೆ ಗೊತ್ತಾಗಿದ್ದು ಜೂನ್‌ನಲ್ಲಿ. ಒಂದು ಸಂಜೆ ಅದರಲ್ಲಿ 36ನೇ ಸೈಕಲ್ಲಿಗೆ (ಕಾಯಿಸಿ ತಣಿಸುವ ಒಂದು ಸುತ್ತು) ಸ್ಕ್ರೀನಿನ ಗ್ರಾಫಿನಲ್ಲಿ ಗೆರೆ ಮೇಲೆದ್ದಿತು. ಏನೂ ಇರಬಾರದ ಕಡೆ ವೈರಸ್ಸಿನ ಜೀನ್! ಪಿಸಿಆರ್‌ನಲ್ಲಿ ಪ್ರತಿ ಸೈಕಲ್ಲಿಗೂ ಪ್ರತಿಗಳು ಇಮ್ಮಡಿಯಾಗುತ್ತವೆ. ಒಂದೇ ಒಂದು ಪ್ರತಿ ಇದ್ದರೂ 35 ಸಲ ಇಮ್ಮಡಿಯಾದರೆ ಸುಮಾರು 3,400 ಕೋಟಿ. ಹಾಗಾಗಿ ಕಣ್ಣಿಗೆ ಕಾಣದ ಒಂದು ಹನಿ ಸಾಕು ಇಡೀ ಪ್ಲೇಟ್ ಕೆಡಿಸಲು. ಹುಡುಕಿದಾಗ ಸಿಕ್ಕಿದ್ದು ಒಂದು ಪಿಪೆಟ್. ಅದೇ ಮಹಡಿಯಲ್ಲಿ ಇನ್ನೊಂದು ತಂಡ ಸಂಶೋಧನೆಗಾಗಿ ಇದೇ ವೈರಸ್ಸಿನ ಜೀನ್ ತುಣುಕನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸುತ್ತಿತ್ತು. ನಮ್ಮದು ಕೈಕೊಟ್ಟಿತು ಅಂತ ಯಾರೋ ಅಲ್ಲಿಂದ ಒಂದು ತಂದಿದ್ದರು. ಸಂಶೋಧನಾ ಲ್ಯಾಬ್‌ನಲ್ಲಿ ಪಿಪೆಟ್ ಎರವಲು ತರುವುದು ಪಕ್ಕದ ಮನೆಯಿಂದ ಸಕ್ಕರೆ ತಂದಷ್ಟು ಸಹಜ. ಆಸ್ಪತ್ರೆ ಲ್ಯಾಬ್‌ನವರಿಗೆ ಇರುವ ಭಯ ನಮಗಿರಲಿಲ್ಲ. ಬಾಗಿಲಿಗೆ ಬಾಗಿಲು ಬೇರೆ ಮಾಡಿದ್ದೆವು, ಕೋಟು ಬೇರೆ ಮಾಡಿದ್ದೆವು. ಪಿಪೆಟ್‌ಗೆ ಬಣ್ಣದ ಟೇಪ್ ಸುತ್ತಿ, ಈ ಕೋಣೆಯದು ಆ ಕೋಣೆಗೆ ಹೋಗಕೂಡದು ಅನ್ನುವ ಕಟ್ಟುನಿಟ್ಟು ಬಂದದ್ದು ಆಮೇಲೆ.

ಆ ಸಂಜೆ ಒಬ್ಬ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಫೋನ್ ಮಾಡಿದ್ದರು.

“ಮೇಡಂ, ಹೆರಿಗೆಗೆ ಬಂದಿರೋ ಹೆಣ್ಣುಮಗಳೊಬ್ಬರ ರಿಪೋರ್ಟ್ ನಿಮ್ಮ ಹತ್ರ ಇದೆ. ಪಾಸಿಟಿವ್ ಆದ್ರೆ ಜಿಲ್ಲಾಸ್ಪತ್ರೆಗೆ ಕಳಿಸಬೇಕು. ನೋವು ಶುರುವಾಗಿದೆ.”

“ಸರ್, ಪ್ಲೇಟ್ ಕೆಟ್ಟಿದೆ. ಮತ್ತೆ ಹಾಕ್ತಿದ್ದೀವಿ.”

“ಎಷ್ಟು ಹೊತ್ತಾಗುತ್ತೆ?”

“ಬೆಳಗಿನ ಜಾವ ಆಗಬಹುದು ಸರ್.”

ಆ ಹೆಣ್ಣುಮಗಳ ಬಾವಿಯಲ್ಲಿ 34ಕ್ಕೆ ಗೆರೆ ಎದ್ದಿತ್ತು. 35ರೊಳಗೆ ಬಂದರೆ ಪಾಸಿಟಿವ್ ಅನ್ನುವುದು ಆಗ ನಮ್ಮಲ್ಲಿದ್ದ ನಿಯಮ. ನೀರಿನ ಬಾವಿ ನೋಡದೆ ಸುಮ್ನೆ ಅಪ್‌ಲೋಡ್ ಮಾಡಿದ್ದರೆ ಆ ರಾತ್ರಿ ನೋವು ತಿನ್ನುತ್ತಲೇ ಆ್ಯಂಬುಲೆನ್ಸ್ ಹತ್ತಬೇಕಿತ್ತು.

94 ಟ್ಯೂಬುಗಳನ್ನೂ ಮತ್ತೆ ತೆಗೆದೆವು. ಹೊಸ ಕಿಟ್, ಹೊಸ ಟಿಪ್, ಬೇರೆ ಕ್ಯಾಬಿನೆಟ್. ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಒಂದು ಮಾತೂ ಆಡದೆ ಆರ್‌ಎನ್‌ಎ ತೆಗೆದರು. ನಾಲ್ಕೂವರೆಗೆ ಸ್ಕ್ರೀನ್ ಮುಂದೆ ಕೂತೆವು. ನೀರು ನೀರಾಗಿಯೇ ಇತ್ತು. ಆ ತಾಯಿಯ ಬಾವಿಯಲ್ಲಿ ಮನುಷ್ಯರ ಜೀನಿನ ಗೆರೆ ಚೆನ್ನಾಗಿ ಎದ್ದಿತ್ತು, ಅಂದರೆ ಸ್ವ್ಯಾಬ್ ಸರಿಯಾಗಿ ತೆಗೆದಿದ್ದರು. ವೈರಸ್ಸಿನ ಗೆರೆ 40ನೇ ಸೈಕಲ್‌ವರೆಗೂ ನೆಲ ಬಿಡಲಿಲ್ಲ.

ಪೋರ್ಟಲ್‌ಗೆ ಹಾಕುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.